ಸ್ಕಾಟ್ಲೆಂಡಿನ ಕೇಲಿ ಕುಣಿತ: ಎಲ್ಲಿಗೆ ಹೋಗಬೇಕು, ಹೇಗೆ ಸೇರಿಕೊಳ್ಳಬೇಕು

ಸ್ಕಾಟ್ಲೆಂಡಿನಲ್ಲಿ ಕೇಲಿಯನ್ನು ಹುಡುಕಿಕೊಂಡು ಹೊರಡುವವರು ಆ ಪದಕ್ಕೆ ಅಲ್ಲಿ ಎರಡು ಅರ್ಥಗಳು ಬಳಕೆಯಲ್ಲಿವೆ ಎಂಬುದನ್ನು ಮೊದಲು ತಿಳಿದಿರಬೇಕು. ಅಲ್ಲಿನ ಹಳೆಯ ನುಡಿಯಾದ ಗೇಲಿಕ್ ಭಾಷೆಯಲ್ಲಿ ಕೇಲಿ ಎಂದರೆ ಭೇಟಿ, ಒಬ್ಬರ ಮನೆಗೆ ಹೋಗಿಬರುವುದು. ಚಳಿಗಾಲದ ದೀರ್ಘ ಇರುಳುಗಳಲ್ಲಿ ನೆರೆಹೊರೆಯವರು ಒಂದು ಮನೆಯ ಅಗ್ಗಿಷ್ಟಿಕೆಯ ಸುತ್ತ ಕೂಡಿ, ಕತೆ ಹೇಳಿ, ಹಾಡಿ, ಪಿಟೀಲು ನುಡಿಸಿ ಹೊತ್ತು ಕಳೆಯುತ್ತಿದ್ದ ಕೂಟಕ್ಕೆ ಈ ಹೆಸರಿತ್ತು. ಕಾಲಕ್ರಮದಲ್ಲಿ ಕುಣಿತವೇ ಅದರ ಮುಖ್ಯ ಅಂಗವಾಯಿತು. ನಮ್ಮ ಕಾವ್ಯಗಳ ಜಲಕೇಳಿ, ವನಕೇಳಿಗಳಲ್ಲಿ ಬರುವ ‘ಕೇಳಿ’ಗೂ ಇದಕ್ಕೂ ನಂಟಿಲ್ಲ, ಆದರೂ ಎರಡರಲ್ಲೂ ಇರುವುದು ವಿನೋದವೇ ಎಂಬುದು ಮೋಜಿನ ಸಂಗತಿ. ಇಂದು ಎಡಿನ್‌ಬರೋ, ಗ್ಲಾಸ್ಗೋ ನಗರಗಳಲ್ಲಿ ಕೇಲಿ ಎಂದರೆ ಬಹುಮಟ್ಟಿಗೆ ಸಾಮೂಹಿಕ ಕುಣಿತ. ಆದರೆ ಗೇಲಿಕ್ ಇನ್ನೂ ಉಳಿದಿರುವ ಪಶ್ಚಿಮದ ದ್ವೀಪಗಳಲ್ಲಿ ಕುರ್ಚಿಯ ಮೇಲೆ ಕುಳಿತು ಹಾಡು, ಕತೆ ಕೇಳುವ ಕಾರ್ಯಕ್ರಮವೂ ಕೇಲಿಯೇ. ಆದ್ದರಿಂದ ಟಿಕೆಟ್ ಕೊಳ್ಳುವ ಮುನ್ನ ಕುಣಿತ ಇದೆಯೇ ಎಂದು ಕೇಳಿ, ಅದರ ಬೆನ್ನಿಗೇ ಕಾಲರ್ ಇರುತ್ತಾರೆಯೇ ಎಂದೂ ಕೇಳಬೇಕು.

ಎರಡನೆಯ ಪ್ರಶ್ನೆಯೇ ನನ್ನ ದೃಷ್ಟಿಯಲ್ಲಿ ಹೆಚ್ಚು ಮುಖ್ಯವಾದದ್ದು. ಕಾಲರ್ ಎಂದರೆ ಬ್ಯಾಂಡಿನ ಪಕ್ಕದಲ್ಲಿ ಮೈಕ್ ಹಿಡಿದು ನಿಂತು, ಪ್ರತಿ ಕುಣಿತಕ್ಕೂ ಮೊದಲು ಹೆಜ್ಜೆಗಳನ್ನು ನಿಧಾನವಾಗಿ ಮಾಡಿಸಿ, ಸಂಗೀತ ಶುರುವಾದ ಮೇಲೂ ಮುಂದಿನ ಚಲನೆ ಯಾವುದೆಂದು ಕೂಗಿ ಹೇಳುವವರು. ಅವರಿದ್ದರೆ ಏನೂ ತಿಳಿಯದವರೂ ಹತ್ತೇ ನಿಮಿಷದಲ್ಲಿ ಸಾಲಿಗೆ ಸೇರಬಹುದು. ಅವರಿಲ್ಲದ ಕಡೆ ಎಲ್ಲರಿಗೂ ಹೆಜ್ಜೆ ಗೊತ್ತೆಂದೇ ಭಾವಿಸಲಾಗುತ್ತದೆ. ಏಕೆಂದರೆ ಅಲ್ಲಿನ ಮಕ್ಕಳಲ್ಲಿ ಹೆಚ್ಚಿನವರು ಕ್ರಿಸ್‌ಮಸ್ಸಿಗೆ ಮುಂಚಿನ ವಾರಗಳಲ್ಲಿ, ಶಾಲೆಯ ದೈಹಿಕ ಶಿಕ್ಷಣದ ತರಗತಿಯಲ್ಲೇ, ಸಂಕೋಚದಿಂದ ಒಬ್ಬರ ಕೈ ಒಬ್ಬರು ಹಿಡಿದು ಈ ಕುಣಿತಗಳನ್ನು ಕಲಿತಿರುತ್ತಾರೆ.

ಹೊಸಬರು ನಗರಗಳಿಂದ ಆರಂಭಿಸುವುದು ಒಳ್ಳೆಯದು. ಎಡಿನ್‌ಬರೋದ ಪಶ್ಚಿಮ ಭಾಗದಲ್ಲಿ, ರಟ್ಲಂಡ್ ಪ್ಲೇಸಿನಲ್ಲಿರುವ ಗಿಲ್ಲಿ ಡೂ ಎಂಬ ಪಬ್ ಹಿಂದೆ ಚರ್ಚ್ ಆಗಿದ್ದ ಕಟ್ಟಡದಲ್ಲಿದೆ. ಅದರ ಎತ್ತರದ ಸಭಾಂಗಣದಲ್ಲಿ ವಾರಾಂತ್ಯದ ರಾತ್ರಿಗಳಲ್ಲಿ ನಡೆಯುವ ಕೇಲಿಗೆ ಪ್ರವಾಸಿಗರೇ ಹೆಚ್ಚಾಗಿ ಬರುವುದರಿಂದ ಹೆಜ್ಜೆ ತಪ್ಪಿದರೆ ಯಾರೂ ಹುಬ್ಬೇರಿಸುವುದಿಲ್ಲ. ಊರಿನವರ ಜೊತೆ ಬೆರೆಯಬೇಕೆನ್ನುವವರಿಗೆ ಮಂಗಳವಾರದ ಕೂಟಗಳಿಗೆ ಹೆಸರಾದ ಎಡಿನ್‌ಬರೋ ಕೇಲಿ ಕ್ಲಬ್ ಇದೆ. ಇಂಥ ಕೂಟಗಳ ಸಭಾಂಗಣ ಕಾಲಕಾಲಕ್ಕೆ ಬದಲಾಗುತ್ತದೆಯಾದ್ದರಿಂದ ಹಳೆಯ ಮಾರ್ಗದರ್ಶಿ ಪುಸ್ತಕವನ್ನು ನಂಬಿ ಹೊರಡದೆ, ಆ ವಾರದ ಸ್ಥಳವನ್ನು ವಿಚಾರಿಸಿಯೇ ಹೋಗಬೇಕು. ಗ್ಲಾಸ್ಗೋದಲ್ಲಿ ಆರ್ಗೈಲ್ ಆರ್ಕೇಡಿಗೆ ಹೊಂದಿಕೊಂಡಿರುವ ಸ್ಲೋನ್ಸ್ 1797ರಷ್ಟು ಹಳೆಯದೆಂದು ಹೇಳಿಕೊಳ್ಳುವ ಪಬ್. ಅದರ ಮೇಲಂತಸ್ತಿನ ಬಾಲ್‌ರೂಮಿನಲ್ಲಿ ನಡೆಯುವ ಶುಕ್ರವಾರದ ಕೇಲಿ ಬಹುಕಾಲದಿಂದ ಪ್ರಸಿದ್ಧವಾಗಿದೆ. ಅಲ್ಲಿಗೆ ಗೆಳೆಯರ ಗುಂಪುಗಳು ದಂಡುದಂಡಾಗಿ ಬರುವುದರಿಂದ ಮುಂಗಡ ಟಿಕೆಟ್ ಇಲ್ಲದೆ ಹೋದರೆ ಬಾಗಿಲಲ್ಲೇ ಹಿಂದಿರುಗಬೇಕಾದೀತು. ವಿಶ್ವವಿದ್ಯಾಲಯಗಳಿರುವ ಊರುಗಳಲ್ಲಿ ವಿದ್ಯಾರ್ಥಿ ಸಂಘಗಳ ಕೇಲಿಗಳು ಅಗ್ಗವೂ ಹೌದು, ಗದ್ದಲದವೂ ಹೌದು.

ಪ್ರವಾಸದ ದಿನಗಳನ್ನು ಹೊಂದಿಸಿಕೊಳ್ಳಲು ಸಾಧ್ಯವಿರುವವರು ಕೆಲವು ದಿನಾಂಕಗಳನ್ನು ನೆನಪಿಡಬೇಕು: ನವೆಂಬರ್ 30ರ ಸಂತ ಆಂಡ್ರ್ಯೂ ದಿನ, ಹೊಗ್ಮನೇ ಎಂದು ಕರೆಯಲಾಗುವ ಡಿಸೆಂಬರ್ 31ರ ರಾತ್ರಿ, ಕವಿ ರಾಬರ್ಟ್ ಬರ್ನ್ಸ್ ಹುಟ್ಟಿದ ಜನವರಿ 25. ಈ ಮೂರರ ಆಸುಪಾಸಿನಲ್ಲಿ ಕೇಲಿ ಇಲ್ಲದ ಊರು ಸಿಗುವುದು ಕಷ್ಟ. 1994ರಲ್ಲಿ ಆರಂಭವಾದ ಗ್ಲಾಸ್ಗೋದ ಸೆಲ್ಟಿಕ್ ಕನೆಕ್ಷನ್ಸ್ ಸಂಗೀತೋತ್ಸವವೂ ಜನವರಿಯಲ್ಲೇ ನಡೆಯುತ್ತದೆ.

ನಗರದಲ್ಲಿ ಒಂದೆರಡು ರಾತ್ರಿ ಕುಣಿದು ಕಾಲು ಪಳಗಿದ ಮೇಲೆ ಹೈಲ್ಯಾಂಡ್ಸ್ ಪ್ರದೇಶದ ಹಳ್ಳಿಗಳ ಕಡೆಗೆ ಹೊರಡಬೇಕು. ನನ್ನನ್ನು ಕೇಳಿದರೆ ಕೇಲಿಯ ನಿಜವಾದ ರುಚಿ ಇರುವುದು ಅಲ್ಲಿನ ವಿಲೇಜ್ ಹಾಲ್‌ಗಳಲ್ಲಿ. ಅಂಚೆ ಕಚೇರಿಯ, ಅಂಗಡಿಯ ಕಿಟಕಿಗಳಿಗೆ ಅಂಟಿಸಿದ ಕಾಗದದ ಪೋಸ್ಟರೇ ಅಲ್ಲಿ ಜಾಹೀರಾತು. ಹಾಲಿನ ಗೋಡೆಗೆ ಒರಗಿಸಿಟ್ಟ ಕುರ್ಚಿಗಳಲ್ಲಿ ಅಜ್ಜಿಯರು ಕುಳಿತಿರುತ್ತಾರೆ, ಮಕ್ಕಳು ನೆಲದ ಮೇಲೆ ಜಾರಾಟವಾಡುತ್ತಿರುತ್ತಾರೆ, ನಡುವಿನ ವಿರಾಮದಲ್ಲಿ ರ‍್ಯಾಫಲ್ ಎಂಬ ಲಾಟರಿಯ ಚೀಟಿ ಎತ್ತಿ ಬಹುಮಾನ ಹಂಚುತ್ತಾರೆ. ಆಲೂಗಡ್ಡೆ, ಈರುಳ್ಳಿ, ಮಾಂಸ ಸೇರಿಸಿ ಬೇಯಿಸಿದ ಸ್ಟೋವೀಸ್ ಎಂಬ ತಿನಿಸನ್ನು ಬಡಿಸುವುದೂ ಉಂಟು. ಮಾಂಸ ತಿನ್ನದವರು ಊಟ ಮಾಡಿಕೊಂಡೇ ಹೋಗುವುದು ಕ್ಷೇಮ. ಎಷ್ಟೋ ಹಾಲ್‌ಗಳಲ್ಲಿ ಬಾರ್ ಇರುವುದಿಲ್ಲವಾದ್ದರಿಂದ ಪಾನೀಯವನ್ನು ನೀವೇ ಒಯ್ಯಬೇಕಾಗಬಹುದು. ಬೇಸಿಗೆಯಲ್ಲಿ ಗೇಲಿಕ್ ಕಲೆಗಳನ್ನು ಎಳೆಯರಿಗೆ ಕಲಿಸುವ ಫೇಶನ್ ನನ್ ಗೇಲ್ ಸಂಸ್ಥೆಯ ಆಶ್ರಯದಲ್ಲಿ ಎಳೆಯ ಕಲಾವಿದರ ತಂಡಗಳು ‘ಕೇಲಿ ಟ್ರೇಲ್’ ಹೆಸರಿನಲ್ಲಿ ಊರೂರು ಸುತ್ತುತ್ತವೆ. ಲೂಯಿಸ್ ದ್ವೀಪದಲ್ಲಿ ಭಾನುವಾರವನ್ನು ಸಬ್ಬತ್, ಅಂದರೆ ಕ್ರೈಸ್ತರ ಪ್ರಾರ್ಥನೆ ಮತ್ತು ವಿಶ್ರಾಂತಿಯ ದಿನವೆಂದು ಪಾಲಿಸುವ ರೂಢಿ ಬಲವಾಗಿರುವುದರಿಂದ ಆ ದಿನ ಅಲ್ಲಿ ಕುಣಿತವನ್ನು ನಿರೀಕ್ಷಿಸಬಾರದು.

ಕೇಲಿಯೆಂದು ತಪ್ಪಾಗಿ ಭಾವಿಸಲಾಗುವ ಕೆಲವು ಕೂಟಗಳೂ ಇವೆ. ಎಡಿನ್‌ಬರೋದ ಸ್ಯಾಂಡಿ ಬೆಲ್ಸ್‌ನಂಥ ಪಬ್‌ಗಳಲ್ಲಿ ನಡೆಯುವ ‘ಸೆಷನ್’ ವಾದ್ಯಗಾರರು ಮೇಜಿನ ಸುತ್ತ ಕುಳಿತು ನುಡಿಸುವ ಕೂಟ. ಅಲ್ಲಿ ಕೇಳುವುದಷ್ಟೇ ನಮ್ಮ ಕೆಲಸ. ಆಟೋಟಗಳ ಊರಹಬ್ಬವಾದ ಹೈಲ್ಯಾಂಡ್ ಗೇಮ್ಸ್‌ನಲ್ಲಿ ವೇದಿಕೆಯ ಮೇಲೆ ಒಬ್ಬೊಬ್ಬರೇ ತುದಿಗಾಲಲ್ಲಿ ಜಿಗಿಯುವುದು ಸ್ಪರ್ಧೆಯ ನೃತ್ಯ, ಆದರೆ ಅದೇ ಸಂಜೆ ಆ ಊರಿನ ಹಾಲ್‌ನಲ್ಲಿ ಕೇಲಿ ಇರುವ ಸಾಧ್ಯತೆ ಇರುತ್ತದೆ. ಇನ್ನು ‘ಸ್ಕಾಟಿಷ್ ಕಂಟ್ರಿ ಡ್ಯಾನ್ಸಿಂಗ್’ ಕೇಲಿಯ ಹತ್ತಿರದ ಬಂಧುವೇ ಆದರೂ ಶಿಸ್ತಿನ ಕಲೆ: 1923ರಲ್ಲಿ ಗ್ಲಾಸ್ಗೋದಲ್ಲಿ ಜೀನ್ ಮಿಲಿಗನ್ ಮತ್ತು ಇಸೊಬೆಲ್ ಸ್ಟುವರ್ಟ್ ಅವರ ಪ್ರಯತ್ನದಿಂದ ಹುಟ್ಟಿದ ಸಂಘವು, ಮುಂದೆ ರಾಯಲ್ ಬಿರುದು ಪಡೆದು, ಪಾದ ಇಡುವ ಕ್ರಮವನ್ನೂ ಸೇರಿಸಿ ಇದನ್ನು ಕಲಿಸುತ್ತಾ ಬಂದಿದೆ. ಕೇಲಿಯಲ್ಲಿ ಪಾದ ಹೇಗಿದ್ದರೂ ನಡೆಯುತ್ತದೆ, ಸರಿಯಾದ ಹೊತ್ತಿಗೆ ಸರಿಯಾದ ಜಾಗದಲ್ಲಿದ್ದರೆ ಸಾಕು.

ಉಡುಪಿನ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಅಲ್ಲಿನ ಗಂಡಸರು ತೊಡುವ ನೆರಿಗೆಯ ಲಂಗವಾದ ಕಿಲ್ಟ್ ಕಡ್ಡಾಯವಲ್ಲ. ತೆಳ್ಳಗಿನ ಬಟ್ಟೆ, ಹಿಮ್ಮಡಿ ಎತ್ತರವಿಲ್ಲದ ಮತ್ತು ಕಾಲಿಗೆ ಬಿಗಿಯಾಗಿ ಕೂರುವ ಬೂಟು ಬೇಕು; ಕೈಬಳೆ, ಉದ್ದ ಸರ, ದುಪಟ್ಟಾಗಳನ್ನು ಕುರ್ಚಿಯ ಬಳಿಯೇ ಬಿಟ್ಟು ಬರುವುದು ಜಾಣತನ. ಒಂಟಿಯಾಗಿ ಹೋದರೂ ಚಿಂತಿಸಬೇಕಿಲ್ಲ, ಅಪರಿಚಿತರನ್ನು ಕುಣಿತಕ್ಕೆ ಕರೆಯುವುದು ಅಲ್ಲಿ ಸಹಜ.

ಸಾಮಾನ್ಯವಾಗಿ ಮೊದಲು ಬರುವುದು ಗೇ ಗಾರ್ಡನ್ಸ್. ಜೋಡಿಗಳು ದೊಡ್ಡ ವೃತ್ತದಲ್ಲಿ ಒಂದೇ ದಿಕ್ಕಿಗೆ ಮುಖ ಮಾಡಿ ನಿಲ್ಲುತ್ತವೆ. ಗಂಡಸಿನ ಬಲಗೈ ಹೆಂಗಸಿನ ಭುಜದ ಹಿಂದಿನಿಂದ ಹೋಗಿ ಅವಳ ಬಲಗೈ ಹಿಡಿಯುತ್ತದೆ, ಎಡಗೈಗಳು ಮುಂದೆ ಸೇರಿರುತ್ತವೆ. ನಾಲ್ಕು ಹೆಜ್ಜೆ ಮುಂದೆ ನಡೆದು, ಕೈ ಬಿಡದೆಯೇ ಇದ್ದಲ್ಲೇ ಹಿಂದಕ್ಕೆ ತಿರುಗಿ, ಅದೇ ದಿಕ್ಕಿನಲ್ಲಿ ಹಿಮ್ಮುಖವಾಗಿ ಇನ್ನೂ ನಾಲ್ಕು ಹೆಜ್ಜೆ ಇಡಬೇಕು. ಹೊಸಬರು ಎಡವುವುದು ಇಲ್ಲೇ: ತಿರುಗಿದ ಕೂಡಲೇ ಮುಖವಿದ್ದ ಕಡೆಗೆ ನಡೆದು ಹಿಂದಿನ ಜೋಡಿಗೆ ಡಿಕ್ಕಿ ಹೊಡೆಯುತ್ತಾರೆ. ಅದನ್ನೇ ಎದುರು ದಿಕ್ಕಿಗೆ ಮಾಡಿದ ಮೇಲೆ, ಎತ್ತಿದ ಬಲಗೈಯ ಕೆಳಗೆ ಹೆಂಗಸು ಸುತ್ತುತ್ತಾಳೆ, ಕೊನೆಗೆ ಇಬ್ಬರೂ ಪೋಲ್ಕಾ ಎಂಬ ಚುರುಕಾದ ಪುಟಿಯುವ ಹೆಜ್ಜೆಯಲ್ಲಿ ಸಾಗುತ್ತಾರೆ. ಡ್ಯಾಶಿಂಗ್ ವೈಟ್ ಸಾರ್ಜಂಟ್ ಮೂವರು ಮೂವರಿಗೆ ಎದುರಾಗಿ ನಿಂತು ಮಾಡುವ ಕುಣಿತವಾದ್ದರಿಂದ, ಪ್ರತಿ ಸುತ್ತಿನಲ್ಲೂ ಹೊಸ ಮೂವರ ಪರಿಚಯವಾಗುತ್ತದೆ.

ಸ್ಟ್ರಿಪ್ ದ ವಿಲೋ ಬಂದಾಗ ಮಾತ್ರ ಸ್ವಲ್ಪ ಎಚ್ಚರ ಬೇಕು. ಗಂಡಸರ ಸಾಲು, ಹೆಂಗಸರ ಸಾಲು ಎದುರುಬದುರು ನಿಂತಿರುತ್ತವೆ. ಮೇಲಿನ ಜೋಡಿ ಬಲತೋಳು ಹೆಣೆದು ಹದಿನಾರು ಎಣಿಕೆ ತಿರುಗಿದ ನಂತರ, ಹೆಂಗಸು ಎದುರು ಸಾಲಿನ ಒಬ್ಬೊಬ್ಬರೊಂದಿಗೂ ಎಡತೋಳಲ್ಲಿ ಸುತ್ತಿ, ನಡುನಡುವೆ ತನ್ನ ಜೊತೆಗಾರನೊಂದಿಗೆ ಬಲತೋಳಲ್ಲಿ ಸುತ್ತುತ್ತಾ ಸಾಲಿನ ತುದಿಗೆ ಹೋಗುತ್ತಾಳೆ. ಆರ್ಕ್ನಿ ದ್ವೀಪಗಳ ಹೆಸರು ಹೊತ್ತ ಇದರ ಇನ್ನೊಂದು ರೂಪದಲ್ಲಿ ಹಾಲ್‌ನವರೆಲ್ಲ ಎರಡೇ ಉದ್ದ ಸಾಲುಗಳಾಗಿ ನಿಲ್ಲುವುದರಿಂದ, ಹಲವು ಜೋಡಿಗಳು ಏಕಕಾಲಕ್ಕೆ ಸುಂಟರಗಾಳಿಯಂತೆ ಕೆಳಗಿಳಿದು ಬರುತ್ತವೆ. ಬೆರಳು ಕೊಕ್ಕೆ ಹಾಕದೆ ಮುಂದೋಳನ್ನು ಗಟ್ಟಿಯಾಗಿ ಹಿಡಿಯಬೇಕು, ತಲೆ ತಿರುಗದಂತೆ ಎದುರಿನವರ ಕಣ್ಣನ್ನೇ ನೋಡಬೇಕು, ಮಕ್ಕಳು ಮತ್ತು ಹಿರಿಯರ ಸರದಿ ಬಂದಾಗ ವೇಗವನ್ನು ಇಳಿಸಬೇಕು. ಎಂಟು ಜನರ ಏಟ್‌ಸಮ್ ರೀಲ್ ದೀರ್ಘವೂ ತೊಡಕಿನದೂ ಆದ್ದರಿಂದ ಮೊದಲ ರಾತ್ರಿ ಅದನ್ನು ಗೋಡೆಯ ಪಕ್ಕದಿಂದ ನೋಡುವುದೇ ಲೇಸು.

ಎಲ್ಲ ಮುಗಿದ ಮೇಲೆ ದೀಪ ಹಾಕಿ ಎಲ್ಲರೂ ವೃತ್ತದಲ್ಲಿ ನಿಂತು ಬರ್ನ್ಸ್ ಬರೆದ ‘ಆಲ್ಡ್ ಲ್ಯಾಂಗ್ ಸೈನ್’ ಹಾಡುತ್ತಾರೆ. ಆರಂಭದಲ್ಲಿ ಅಕ್ಕಪಕ್ಕದವರ ಕೈಯನ್ನು ಸುಮ್ಮನೆ ಹಿಡಿದಿದ್ದರೆ ಸಾಕು. ತೋಳುಗಳನ್ನು ಎದೆಯ ಮುಂದೆ ಅಡ್ಡಹಾಯಿಸಿ ಹಿಡಿಯುವುದು ಕೊನೆಯ ಚರಣಕ್ಕೆ ಮಾತ್ರ. ಮೊದಲೇ ಅಡ್ಡಹಾಯಿಸಿದವರು ಹೊರಗಿನವರೆಂದು ಅಲ್ಲಿನವರಿಗೆ ತಕ್ಷಣ ತಿಳಿದುಬಿಡುತ್ತದೆ.