ರೋಟರಿ ಸಭೆ ಒಂದು ಗಂಟೆಯಲ್ಲಿ ಮುಗಿಯಬೇಕು: ಕಾರ್ಯದರ್ಶಿಯಾಗಿ ನನ್ನ ಅನುಭವ

ಉಡುಪಿಯಲ್ಲಿ ಅಂಗಡಿ ಇಟ್ಟವರನ್ನು ಸಂಜೆ ಏಳೂವರೆಗೆ ಸಭೆಗೆ ಕರೆಯುವುದು ಸುಲಭದ ಮಾತಲ್ಲ. ವ್ಯಾಪಾರ ಆಗುವುದೇ ಆ ಹೊತ್ತಿಗೆ. ನಮ್ಮ ರೋಟರಿ ಕ್ಲಬ್‌ನಲ್ಲಿ ಜವಳಿ ಅಂಗಡಿಯವರು, ಡಾಕ್ಟರುಗಳು, ಗುತ್ತಿಗೆದಾರರು, ಹೋಟೆಲ್‌ನವರು, ಬ್ಯಾಂಕಿನಿಂದ ನಿವೃತ್ತರಾದವರು ಎಲ್ಲ ಇದ್ದಾರೆ. ನನ್ನದು ಕಲ್ಸಂಕದ ಹತ್ತಿರ ಸಣ್ಣ ಪ್ರಿಂಟಿಂಗ್ ಪ್ರೆಸ್. ನಾನು ಕಾರ್ಯದರ್ಶಿಯಾದಾಗ ಸಭೆಗೆ ಬರುವವರು ಕಡಿಮೆಯಾಗಿದ್ದರು. ಕಾರಣ ಹುಡುಕಲು ಸಮಿತಿಯೇನೂ ಬೇಕಿರಲಿಲ್ಲ. ಏಳೂವರೆಗೆ ಶುರುವಾದ ಸಭೆ ಒಂಬತ್ತೂವರೆಯಾದರೂ ಮುಗಿಯುತ್ತಿರಲಿಲ್ಲ.

ಭಾಷಣ ಎಳೆದು ಹಾಗಾಗುತ್ತಿತ್ತು ಅಂತಲ್ಲ. ಶಾಲೆಗೆ ಕೊಡುವ ನೀರಿನ ಫಿಲ್ಟರ್ ಯಾವ ಕಂಪನಿಯದ್ದು, ಬ್ಯಾನರ್ ಎಷ್ಟು ಅಡಿ, ರಕ್ತದಾನ ಶಿಬಿರದಲ್ಲಿ ಜ್ಯೂಸ್ ಕೊಡುವುದಾ ಬಾಳೆಹಣ್ಣಾ, ಎಲ್ಲ ಚರ್ಚೆಯೂ ಅಲ್ಲೇ. ಕರೆಸಿದ ಅತಿಥಿ ವೇದಿಕೆಯಲ್ಲಿ ಕೂತು ಗಡಿಯಾರ ನೋಡುತ್ತಾರೆ. ನಡುವೆ ಯಾರಾದರೂ ಹಿರಿಯರು ಹಳೇ ವರ್ಷದ ಖರ್ಚಿನ ಮಾತು ಎತ್ತಿದರೆ ಮುಗಿಯಿತು.

ರೋಟರಿಯ ನಿಯಮದ ಪ್ರಕಾರ ಇದೆಲ್ಲ ಬೋರ್ಡಿನ ಕೆಲಸ. ಬೋರ್ಡ್ ಅಂದರೆ ಅಧ್ಯಕ್ಷರು, ನಿಕಟಪೂರ್ವ ಅಧ್ಯಕ್ಷರು, ಮುಂದಿನ ಅಧ್ಯಕ್ಷರು, ಕಾರ್ಯದರ್ಶಿ, ಕೋಶಾಧಿಕಾರಿ, ಜೊತೆಗೆ ನಿರ್ದೇಶಕರು. ಹಾಗಾಗಿ ಲೆಕ್ಕ, ಕೊಟೇಶನ್, ಬ್ಯಾನರ್ ಎಲ್ಲವನ್ನೂ ತಿಂಗಳಿಗೊಮ್ಮೆ ನಡೆಯುವ ಬೋರ್ಡ್ ಸಭೆಗೆ ಹಾಕಿದೆವು. ಪ್ರೆಸ್ಸಿನ ಶಟರ್ ಅರ್ಧ ಎಳೆದು ಅಲ್ಲೇ ಕೂರುತ್ತಿದ್ದೆವು.

ಕೂಡಲೇ ಗೊಣಗಾಟ ಶುರುವಾಯಿತು. "ಎಲ್ಲ ಒಳಗೊಳಗೇ ಮಾಡ್ತಾರೆ" ಅಂತ. ಅವರು ಹೇಳುವುದರಲ್ಲೂ ಅರ್ಥ ಇದೆ. ದುಡ್ಡು ಎಲ್ಲರದ್ದು, ಅಲ್ವಾ? ಬೋರ್ಡಿನ ನಡಾವಳಿಯನ್ನು ಬರೆದಿಟ್ಟು ಸದಸ್ಯರೆಲ್ಲರಿಗೂ ಸಿಗುವ ಹಾಗೆ ಮಾಡಬೇಕು ಅಂತ ನಿಯಮವೇ ಇದೆ. ಆದರೆ ನಾಲ್ಕು ಪುಟದ ನಡಾವಳಿ ಯಾರು ಓದುತ್ತಾರೆ? ನಾನು ಒಂದೇ ಪುಟ ಮಾಡಿದೆ. ನಾಲ್ಕು ಕಾಲಂ: ವಿಷಯ, ತೀರ್ಮಾನ, ಎಷ್ಟು ದುಡ್ಡು, ಯಾರ ಜವಾಬ್ದಾರಿ. "ಚರ್ಚಿಸಲಾಯಿತು" ಅನ್ನುವ ಪದಕ್ಕೆ ಅದರಲ್ಲಿ ಜಾಗ ಇಲ್ಲ. ಚರ್ಚೆಯಾಗಿ ತೀರ್ಮಾನ ಆಗದಿದ್ದರೆ "ಮುಂದಿನ ತಿಂಗಳಿಗೆ" ಅಂತ ಬರೆದರಾಯಿತು. ಮರುದಿನವೇ ವಾಟ್ಸಾಪ್‌ಗೆ ಹಾಕುತ್ತಿದ್ದೆ. ಮೊಬೈಲಿನಲ್ಲಿ ಓದಲು ಕಷ್ಟ ಅನ್ನುವ ಹಿರಿಯರಿಗಾಗಿ ದೊಡ್ಡ ಅಕ್ಷರದಲ್ಲಿ ಪ್ರಿಂಟ್ ತೆಗೆದು, ಹಾಜರಿ ಪುಸ್ತಕದ ಪಕ್ಕದಲ್ಲೇ ಇಡುತ್ತಿದ್ದೆ. ಸಹಿ ಹಾಕುವಾಗ ಮೂರನೇ ಕಾಲಂ ಮೇಲೆ ಕಣ್ಣು ಹೋಗಿಯೇ ಹೋಗುತ್ತದೆ. ಗೊಣಗಾಟ ತಣ್ಣಗಾದದ್ದು ಆ ಕಾಲಮ್ಮಿನಿಂದ, ನನ್ನ ಮಾತಿನಿಂದ ಅಲ್ಲ.

ಇನ್ನು ವಾರದ ಸಭೆ. ಗಂಟೆ ಬಾರಿಸಿ, ಪ್ರಾರ್ಥನೆ ಮುಗಿಸಿ ನಾಲ್ಕು ಪ್ರಶ್ನೆಗಳನ್ನು ಓದುತ್ತೇವೆ: ಇದು ಸತ್ಯವೇ? ಎಲ್ಲರಿಗೂ ನ್ಯಾಯವೇ? ಸ್ನೇಹ ಬೆಳೆಸುತ್ತದೆಯೇ? ಎಲ್ಲರಿಗೂ ಹಿತವೇ? 1932ರಲ್ಲಿ ಹರ್ಬರ್ಟ್ ಟೇಲರ್ ಅನ್ನುವವರು ಮುಳುಗುತ್ತಿದ್ದ ಅಲ್ಯೂಮಿನಿಯಂ ಪಾತ್ರೆ ಕಂಪನಿಯನ್ನು ಎತ್ತಲು ಬರೆದ ಪ್ರಶ್ನೆಗಳಿವು. ಅಂಗಡಿ ನಡೆಸುವವರಿಗೆ ಈ ಕಥೆ ಹೇಳಿದರೆ ಓದುವಾಗ ಸ್ವರವೇ ಬೇರೆಯಾಗುತ್ತದೆ. ಆಮೇಲೆ ಹುಟ್ಟುಹಬ್ಬದ ಶುಭಾಶಯ, ಸಭೆಯ ಶಿಸ್ತು ನೋಡಿಕೊಳ್ಳುವ ಸಾರ್ಜೆಂಟ್ ಎಟ್ ಆರ್ಮ್ಸ್ ದುಡ್ಡಿನ ಡಬ್ಬಿ ಹಿಡಿದು ಒಂದು ಸುತ್ತು, ನನ್ನ ಪ್ರಕಟಣೆ ಐದು ನಿಮಿಷ, ಅತಿಥಿಗೆ ಇಪ್ಪತ್ತೈದು.

ನಮ್ಮ ಕರಾವಳಿಯ ಸಭೆಗಳಲ್ಲಿ ಸಮಯ ಹೋಗುವುದು ಮರ್ಯಾದೆಗೆ. ವೇದಿಕೆಯಲ್ಲಿದ್ದವರ ಹೆಸರನ್ನು ಮೈಕ್ ಹಿಡಿದವರೆಲ್ಲ ಮೊದಲಿನಿಂದ ಹೇಳುತ್ತಾ ಹೋಗುತ್ತಾರೆ. ಸ್ವಾಗತದಲ್ಲಿ ಒಮ್ಮೆ, ಪರಿಚಯದಲ್ಲಿ ಒಮ್ಮೆ, ವಂದನಾರ್ಪಣೆಯಲ್ಲಿ ಇನ್ನೊಮ್ಮೆ. ಅಧ್ಯಕ್ಷರ ಹತ್ತಿರ ಹೇಳಿದೆ: "ಅಣ್ಣ, ಹೆಸರು ಒಂದೇ ಸಲ ಸಾಕು. ಅದನ್ನು ನೀವೇ ಹೇಳಿ. ಬಾಕಿಯವರು ನೇರ ವಿಷಯಕ್ಕೆ ಬರಲಿ." ಅವರು ಒಪ್ಪಿದರು. ಅಷ್ಟರಲ್ಲೇ ಕಾಲು ಗಂಟೆ ಉಳಿಯಿತು. ಎಂಟೂವರೆಗೆ ಗಂಟೆ ಬಾರಿಸಿದರೆ ಆಮೇಲೆ ಗೋಳಿಬಜೆ, ಕಾಫಿ, ಹರಟೆ. ಕೂರುವವರು ಕೂರುತ್ತಾರೆ, ಹೊರಡುವವರಿಗೆ ಸಂಕೋಚ ಇಲ್ಲ.

ಭಾಷಣಕ್ಕೆ ಜನ ಹುಡುಕಲು ನಾನು ಊರಿನ ಕಾಲಮಾನವನ್ನೇ ಹಿಡಿದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಆಗ ಮಲ್ಪೆಯ ಬೋಟ್ ಮಾಲೀಕರು ದಡದಲ್ಲೇ ಇರುತ್ತಾರೆ, ಕರೆದರೆ ಬರುತ್ತಾರೆ. ಮೇ ಕೊನೆಗೆ ಬರುವ ತುಳುನಾಡಿನ ಪತ್ತನಾಜೆ ಕಳೆದು, ಮೇಳದವರು ಆ ವರ್ಷದ ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚಿದ ಮೇಲೆ ಯಕ್ಷಗಾನ ಕಲಾವಿದರನ್ನು ಕೇಳಬಹುದು. ಜುಲೈ ಕೊನೆಯಲ್ಲಿ ಲೆಕ್ಕಪರಿಶೋಧಕರಿಗೂ ಮಾರ್ಚ್‌ನಲ್ಲಿ ಹೆಡ್‌ಮಾಸ್ಟರರಿಗೂ ಫೋನ್ ಮಾಡಲೇಬಾರದು. ಬೋಟ್ ಮಾಲೀಕರೊಬ್ಬರು ಡೀಸೆಲ್ ಲೆಕ್ಕ ಬಿಡಿಸಿ ಹೇಳಿದ ಸಂಜೆ, ಎಂಟೂವರೆಯಾದರೂ ಯಾರೂ ಏಳಲಿಲ್ಲ. ಅಂಥ ದಿನ ಗಂಟೆಯನ್ನು ಐದು ನಿಮಿಷ ತಡ ಮಾಡಿದರೆ ಪಾಪ ಇಲ್ಲ.

ಹೊಸ ಸದಸ್ಯರು ಕೇಳುತ್ತಾರೆ, ಕ್ಲಬ್‌ನ ಮೇಲೆ ಇರುವವರೆಲ್ಲ ಯಾರು ಅಂತ. ರೋಟರಿ ತನ್ನ ಕ್ಲಬ್‌ಗಳನ್ನು ತನ್ನದೇ ನಂಬರಿನ ಜಿಲ್ಲೆಗಳಾಗಿ ಹಂಚಿಕೊಂಡಿದೆ. ನಮ್ಮ ಉಡುಪಿ ರೋಟರಿ ಜಿಲ್ಲೆ 3182ರಲ್ಲಿದೆ. ಹೆಜಮಾಡಿ ದಾಟಿ ಮೂಲ್ಕಿಗೆ ಹೋದರೆ 3181. ಜಿಲ್ಲೆಗೊಬ್ಬರು ಗವರ್ನರ್, ಅವರ ಕೆಳಗೆ ಸಹಾಯಕ ಗವರ್ನರ್‌ಗಳು. ಎಲ್ಲರ ಅವಧಿಯೂ ಜುಲೈ 1ರಿಂದ ಜೂನ್ 30. ಕ್ಲಬ್ ಅಧ್ಯಕ್ಷರನ್ನು ಕನಿಷ್ಠ 18 ತಿಂಗಳು ಮೊದಲೇ ಆರಿಸಬೇಕು. ಇಷ್ಟು ಬೇಗ ಯಾಕೆ ಅಂತ ಒಬ್ಬರು ಕೇಳಿದಾಗ ಹಿಂದಿನ ಸಾಲಿನಿಂದ ಉತ್ತರ ಬಂತು: "ಪರ್ಯಾಯಕ್ಕೆ ಬಾಳೆ ಮುಹೂರ್ತ ಯಾವಾಗ ಮಾರ್ರೆ? ವರ್ಷ ಮೊದಲೇ ಅಲ್ವಾ?" ಕೃಷ್ಣ ಮಠದ ಪೂಜೆಯ ಅಧಿಕಾರ ಕೈ ಬದಲಾಗುವ ಪರ್ಯಾಯಕ್ಕೆ ಮೊದಲ ಸಿದ್ಧತೆಯೇ ಬಾಳೆ ಮುಹೂರ್ತ. ಉಡುಪಿಯವರಿಗೆ ಇದಕ್ಕಿಂತ ಹೆಚ್ಚು ವಿವರಿಸಬೇಕಾಗಿಲ್ಲ.

ಕಾರ್ಯದರ್ಶಿ ಮರೆಯಬಾರದ ದಿನ ಎರಡು: ಜುಲೈ 1, ಜನವರಿ 1. ಆ ದಿನ ಪಟ್ಟಿಯಲ್ಲಿ ಎಷ್ಟು ಹೆಸರಿದೆಯೋ ಅಷ್ಟಕ್ಕೆ ರೋಟರಿ ಇಂಟರ್‌ನ್ಯಾಷನಲ್ ಬಿಲ್ ಕಳಿಸುತ್ತದೆ. 2025-26ರ ಸಾಲಿಗೆ ತಲೆಗೆ ವರ್ಷಕ್ಕೆ 82 ಡಾಲರ್, ಎರಡು ಕಂತು. ಬರುವುದನ್ನೇ ಬಿಟ್ಟವರ ಬಗ್ಗೆ "ಹೆಸರು ಇರಲಿ ಬಿಡಿ, ಬೇಜಾರು ಮಾಡ್ಕೊಳ್ತಾರೆ" ಅಂತ ಹೇಳುವವರು ಎಲ್ಲ ಕ್ಲಬ್‌ನಲ್ಲೂ ಇದ್ದಾರೆ. ಆ ಹೆಸರಿನ ದುಡ್ಡು ಬಾಕಿಯವರು ಕಟ್ಟಬೇಕು. ಡಿಸೆಂಬರ್‌ನಲ್ಲೂ ಜೂನ್‌ನಲ್ಲೂ ನಾನೇ ಒಬ್ಬೊಬ್ಬರಿಗೆ ಫೋನ್ ಮಾಡಿ, ಇರುತ್ತೀರಾ ಇಲ್ವಾ ಅಂತ ಕೇಳುತ್ತಿದ್ದೆ. ಕೆಲವರು ಸುಮ್ನೆ ಬಿಟ್ಟರು. ಕೆಲವರು ಮರುವಾರವೇ ಸಭೆಗೆ ಬಂದರು.

ರೋಟರಿಯ ನಿಯಮ ಬದಲಿಸುವ ಅಧಿಕಾರ ಗವರ್ನರಿಗೂ ಇಲ್ಲ. ಅದಕ್ಕೆ ಕೌನ್ಸಿಲ್ ಆನ್ ಲೆಜಿಸ್ಲೇಷನ್ ಇದೆ, ಮೂರು ವರ್ಷಕ್ಕೊಮ್ಮೆ ಸೇರುತ್ತದೆ, ಪ್ರತಿ ಜಿಲ್ಲೆಯಿಂದ ಒಬ್ಬ ಪ್ರತಿನಿಧಿ. ಕ್ಲಬ್‌ಗಳಿಗೆ ಹೆಂಗಸರನ್ನು ಸೇರಿಸಿಕೊಳ್ಳುವ ತೀರ್ಮಾನ ಆದದ್ದು 1989ರ ಕೌನ್ಸಿಲ್‌ನಲ್ಲಿ. ಅದಾಗದಿದ್ದರೆ ನಾನು ಈ ಕುರ್ಚಿಯಲ್ಲಿ ಕೂರುವ ಪ್ರಶ್ನೆಯೇ ಇರಲಿಲ್ಲ. ವಾರವಾರ ಬೇಡ, ತಿಂಗಳಿಗೆ ಕನಿಷ್ಠ ಎರಡು ಸಭೆ ಸಾಕು ಅನ್ನುವ ಸಡಿಲಿಕೆ ಬಂದದ್ದು 2016ರಲ್ಲಿ.

ಆ ಸಡಿಲಿಕೆಯನ್ನು ನಾವೂ ತೆಗೆದುಕೊಳ್ಳೋಣ ಅಂತ ನಮ್ಮಲ್ಲೂ ಮಾತು ಬಂತು. ಜವಳಿ ಅಂಗಡಿಯವರಿಗೆ ಎರಡೇ ಸಾಕು. ನಿವೃತ್ತರಿಗೆ ವಾರದ ಸಭೆಯೇ ಹೊರಗೆ ಹೊರಡುವ ನೆಪ. ನನ್ನ ಅಭಿಪ್ರಾಯ ಕೇಳಿದರೆ, ಹದಿನೈದು ದಿನಕ್ಕೊಮ್ಮೆಯ ಸಭೆಯನ್ನು ಒಮ್ಮೆ ತಪ್ಪಿಸಿದವರು ತಿಂಗಳಿಡೀ ಕಾಣುವುದಿಲ್ಲ. ಕ್ಲಬ್‌ನ ಬೈಲಾ, ಅಂದರೆ ಒಳನಿಯಮ, ತಿದ್ದುವ ವಿಷಯವಾದ್ದರಿಂದ ಮೊದಲೇ ನೋಟಿಸ್ ಕೊಟ್ಟು ಮತಕ್ಕೆ ಹಾಕಿದೆವು. ವಾರದ ಸಭೆಯೇ ಉಳಿಯಿತು, ಒಂದು ಷರತ್ತಿನ ಮೇಲೆ: ತಿಂಗಳ ಕೊನೆಯ ಸಭೆ ಹಾಲ್‌ನಲ್ಲಿ ಅಲ್ಲ, ನಾವು ಏನಾದರೂ ಕೊಟ್ಟಿರುವ ಶಾಲೆಯಲ್ಲೋ ಅಂಗನವಾಡಿಯಲ್ಲೋ. ಅಲ್ಲಿ ಅತಿಥಿ ಭಾಷಣ ಇಲ್ಲ. ಮೊದಲು ಫಿಲ್ಟರಿನ ನಲ್ಲಿ ತಿರುಗಿಸಿ ನೀರು ಬರುತ್ತದಾ ಅಂತ ನೋಡುವುದು.