ಫೈಲ್ ಹಾಳಾಯ್ತಾ? ಮೊದಲು ಸಿಂಕ್ ನಿಲ್ಸಿ, ಆಮೇಲೆ ಹಳೇ ವರ್ಷನ್ ಹುಡುಕಿ

40 ಪುಟದ ರಿಪೋರ್ಟ್ ಓಪನ್ ಮಾಡಿದ್ರೆ ಬರೀ 3 ಪುಟ ಇದೆ. ನನ್ನ ತಂಗಿಗೆ ಆಗಿದ್ದು ಇದೇ, ಏನೋ ಸೆಲೆಕ್ಟ್ ಆಗಿ ಅಳಿಸಿಹೋಗಿದೆ, ಕೈ ಅಭ್ಯಾಸಕ್ಕೆ ಸೇವ್ ಒತ್ತಿ ಕ್ಲೋಸ್ ಮಾಡಿದಾಳೆ, ಸಿಂಕ್ ಆನ್ ಇತ್ತಲ್ಲ, ಲ್ಯಾಪ್‌ಟಾಪಲ್ಲೂ ಅದೇ 3 ಪುಟ. "ಎರಡು ಕಡೆ ಇತ್ತಲ್ಲಕ್ಕ, ಎರಡೂ ಕಡೆ ಹೇಗೆ ಹೋಯ್ತು?" ಅಂತ ಅಳೋ ಹಾಗೆ ಕೇಳಿದ್ಳು. ಸಿಂಕ್ ಕೆಲಸಾನೇ ಅದು, ಒಂದು ಕಡೆ ಏನಾಯ್ತೋ ಅದನ್ನ ಇನ್ನೊಂದು ಕಡೆನೂ ಮಾಡಿಬಿಡತ್ತೆ. ಹಳೇದನ್ನ ಎತ್ತಿಡೋ ಕೆಲಸಾನ ನಾವು ಬೇರೆಯಾಗಿ ಆನ್ ಮಾಡಿರ್ಬೇಕು.

ಹೀಗಾದಾಗ ಮೊದಲು ಸಿಂಕ್ ಸ್ವಲ್ಪ ಹೊತ್ತು ನಿಲ್ಸಿ (pause). ಮೈಕ್ರೋಸಾಫ್ಟಿನ ಕ್ಲೌಡ್ ಒನ್‌ಡ್ರೈವಲ್ಲಿ 2, 8 ಅಥವಾ 24 ಗಂಟೆ ನಿಲ್ಸೋ ಆಯ್ಕೆ ಇದೆ. ಮನೇಲಿ ಇನ್ನೊಂದು ಕಂಪ್ಯೂಟರ್ ಆಫ್ ಆಗೇ ಇದ್ರೆ ಅದೃಷ್ಟ, ಅದ್ರಲ್ಲಿ ಹಳೇ ಫೈಲ್ ಹಾಗೇ ಕೂತಿರತ್ತೆ. ಆದ್ರೆ ಸುಮ್ನೆ ಆನ್ ಮಾಡ್ಬೇಡಿ. ಮೊದಲು ರೂಟರ್ ಆಫ್ ಮಾಡಿ ಇಲ್ಲಾ ಇಂಟರ್ನೆಟ್ ಕೇಬಲ್ ಕಿತ್ತು, ಆಮೇಲೆ ಆನ್ ಮಾಡಿ ಫೈಲನ್ನ ಪೆನ್‌ಡ್ರೈವ್‌ಗೆ ಹಾಕ್ಕೊಳ್ಳಿ.

ಹಾಳಾದ ಫೈಲನ್ನೂ ಬೇರೆ ಹೆಸರಲ್ಲಿ ಒಂದು ಕಾಪಿ ಇಟ್ಕೊಳ್ಳಿ, ಅದ್ರಲ್ಲಿ ಇವತ್ತು ಬರೆದ ಎರಡು ಪ್ಯಾರಾ ಇರಬಹುದು.

ಈಗ ಹುಡುಕೋದು. ಕ್ಲೌಡಲ್ಲಿದ್ರೆ ವೆಬ್‌ಸೈಟಿಗೆ ಹೋಗಿ ಫೈಲ್ ಮೇಲೆ ರೈಟ್ ಕ್ಲಿಕ್ ಮಾಡಿ, ವರ್ಷನ್ ಹಿಸ್ಟರಿ ಅಂತ ಸಿಗತ್ತೆ. ಮನೆ ಬಳಕೆಯ ಒನ್‌ಡ್ರೈವ್ ಖಾತೆ ಕೊನೇ 25 ವರ್ಷನ್ ಇಟ್ಟಿರತ್ತೆ. ಗೂಗಲ್ ಡ್ರೈವಲ್ಲಿ ಅದಕ್ಕೆ ಮ್ಯಾನೇಜ್ ವರ್ಷನ್ಸ್ ಅಂತ ಹೆಸರು, ನೀವು ಅಪ್‌ಲೋಡ್ ಮಾಡಿದ ಫೈಲ್ ಆದ್ರೆ 30 ದಿನ ಇಲ್ಲಾ 100 ವರ್ಷನ್ ದಾಟಿದ್ಮೇಲೆ ಹಳೇವು ಹೋಗ್ತಾವೆ, ಮುಖ್ಯವಾದ್ದಕ್ಕೆ 'ಕೀಪ್ ಫಾರೆವರ್' ಟಿಕ್ ಹಾಕಿ. ಹಾಗಾಗಿ "ಮುಂದಿನ ತಿಂಗಳು ನೋಡೋಣ" ಅಂತ ಬಿಡ್ಬೇಡಿ.

ವಿಂಡೋಸಲ್ಲಿ ಫೈಲ್ ಹಿಸ್ಟರಿ (ಫೈಲುಗಳ ಹಳೇ ಕಾಪಿ ಎತ್ತಿಡೋ ಸೌಲಭ್ಯ) ಆನ್ ಇದ್ರೆ ಫೈಲ್‌ನ ಪ್ರಾಪರ್ಟೀಸ್ ತೆಗೆದು ಪ್ರೀವಿಯಸ್ ವರ್ಷನ್ಸ್ ಟ್ಯಾಬ್ ನೋಡಿ, ತಾರೀಕು ಟೈಮ್ ಸಮೇತ ಸಾಲಾಗಿ ಬರತ್ತೆ. ರಿಸ್ಟೋರ್ ಬಟನ್ ನೇರವಾಗಿ ಒತ್ತಬೇಡಿ, ಈಗಿರೋ ಫೈಲ್ ಮೇಲೇ ಕೂತ್ಬಿಡತ್ತೆ. ಪಕ್ಕದಲ್ಲಿರೋ ಸಣ್ಣ ಬಾಣ ಒತ್ತಿ 'ರಿಸ್ಟೋರ್ ಟು' ಆರಿಸಿ ಬೇರೆ ಫೋಲ್ಡರಿಗೆ ಹಾಕಿ. ತಂಗಿ ಫೈಲ್ ಸಿಕ್ಕಿದ್ದು ಇಲ್ಲೇ, ಮಧ್ಯಾಹ್ನದ ವರ್ಷನ್ನಲ್ಲಿ 38 ಪುಟ ಇತ್ತು, ಉಳಿದಿದ್ದನ್ನ ವರ್ಡಿನ ರಿವ್ಯೂ ಟ್ಯಾಬಲ್ಲಿರೋ ಕಂಪೇರ್ (ಎರಡು ಫೈಲಿನ ವ್ಯತ್ಯಾಸ ತೋರ್ಸೋದು) ಇಟ್ಕೊಂಡು ಸೇರಿಸಿದ್ವಿ. ಮ್ಯಾಕಲ್ಲಾದ್ರೆ ಅದರದ್ದೇ ಬ್ಯಾಕಪ್ ಸೌಲಭ್ಯ ಟೈಮ್ ಮಷೀನ್, ಕೊನೇ 24 ಗಂಟೆಗೆ ಗಂಟೆಗೊಂದು, ಕಳೆದ ತಿಂಗಳಿಗೆ ದಿನಕ್ಕೊಂದು, ಅದಕ್ಕೂ ಹಿಂದಿಂದು ವಾರಕ್ಕೊಂದು ಬ್ಯಾಕಪ್ ಇಟ್ಟಿರತ್ತೆ.

ಎಲ್ಲಾ ಓಪನ್ ಮಾಡಿ ಕೊನೇ ಪುಟದವರೆಗೂ ನೋಡಿದ್ಮೇಲೇ ಸರಿಯಾದ ಫೈಲನ್ನ ಮೂಲ ಜಾಗಕ್ಕೆ ಹಾಕಿ ಸಿಂಕ್ ಶುರು ಮಾಡಿ.

ಎರಡೂ ಕಂಪ್ಯೂಟರಲ್ಲಿ ಒಂದೇ ಫೈಲ್ ತಿದ್ದಿದ್ರೆ ಒಂದರ ಜಾಗದಲ್ಲಿ ಎರಡು ಫೈಲ್ ಕಾಣತ್ತೆ. ಸಿಂಕ್‌ಥಿಂಗ್ (ಕಂಪ್ಯೂಟರಿಂದ ಕಂಪ್ಯೂಟರಿಗೆ ನೇರವಾಗಿ ಸಿಂಕ್ ಮಾಡೋ ಸಾಫ್ಟ್‌ವೇರ್) ಬಳಸೋರಿಗೆ ಹೆಸರಿನ ಮಧ್ಯೆ 'ಸಿಂಕ್-ಕಾನ್‌ಫ್ಲಿಕ್ಟ್' ಅಂತ, ಪಕ್ಕದಲ್ಲಿ ತಾರೀಕು ಟೈಮ್ ಇರತ್ತೆ. ಕಸ ಅಂತ ಡಿಲೀಟ್ ಮಾಡೋರೇ ಜಾಸ್ತಿ, ದಯವಿಟ್ಟು ಹಾಗ್ಮಾಡ್ಬೇಡಿ, ಮೊದಲು ತಿದ್ದಿದ ಕಂಪ್ಯೂಟರಿನ ಕೆಲಸ ಅದ್ರಲ್ಲೇ ಇರೋದು.

ಇದ್ಯಾವ್ದೂ ಮೊದಲೇ ಆನ್ ಇಲ್ದಿದ್ರೆ ಸಿಗೋದು ಕಷ್ಟ, ಅದಕ್ಕೇ ಇವತ್ತೇ ಒಂದು ಎಕ್ಸ್‌ಟರ್ನಲ್ ಡಿಸ್ಕ್ ಹಾಕಿ ಕಂಟ್ರೋಲ್ ಪ್ಯಾನೆಲಲ್ಲಿ ಫೈಲ್ ಹಿಸ್ಟರಿ ಆನ್ ಮಾಡಿ. ತಾನಾಗೇ ಗಂಟೆಗೊಂದ್ಸಲ ಕಾಪಿ ತಗೊಳತ್ತೆ, ದಿನವಿಡೀ ಬರೆಯೋರು 10 ನಿಮಿಷಕ್ಕೆ ಇಳಿಸ್ಕೊಳ್ಳಿ. ಸಿಂಕ್‌ಥಿಂಗಲ್ಲಿ ವರ್ಷನಿಂಗ್, ಅಂದ್ರೆ ಹಳೇ ಕಾಪಿ ಎತ್ತಿಡೋದು, ಆಫ್ ಆಗೇ ಬರೋದು, ಅದೂ ಬೇರೆ ಕಂಪ್ಯೂಟರಿಂದ ಬಂದ ಬದಲಾವಣೆಗೆ ಮಾತ್ರ ಹಳೇದನ್ನ ಎತ್ತಿಡತ್ತೆ. ಅಂದ್ರೆ ಇಲ್ಲಿ ಕೆಡಿಸಿದ ಫೈಲಿನ ಹಳೇ ಕಾಪಿ ಅಲ್ಲಿ ಸಿಗತ್ತೆ, ಹಾಗಾಗಿ ಎರಡೂ ಕಡೆ ಆನ್ ಮಾಡ್ಬೇಕು.