ಎಕರೆಗೆ ಎಷ್ಟು ಶೇಂಗಾ ಗಿಡ?

ಚಳ್ಳಕೆರೆ ಸೀಮೆಯ ಕೆಂಪು ನೆಲದಲ್ಲಿ ಮಳೆ ನಂಬಿ ಎರಡು ಎಕರೆ ಶೇಂಗಾ ಬೆಳೆಯುತ್ತೇನೆ. ಎಕರೆಗೆ ಎಷ್ಟು ಕೆಜಿ ಬೀಜ ಬೇಕು ಎಂದು ಕೇಳುವವರಿಗೆ ನನ್ನ ಮರುಪ್ರಶ್ನೆ ಒಂದೇ: ನಿಮ್ಮ ಬೀಜದ ನೂರು ಕಾಳು ಎಷ್ಟು ತೂಗುತ್ತವೆ?

ನಾನು ಬಿತ್ತುವುದು ಟಿಎಂವಿ-2. ಗೊಂಚಲು ತಳಿಯಾದ್ದರಿಂದ ಕಾಯಿಯೆಲ್ಲ ಬುಡದ ಸುತ್ತಲೇ ಕಟ್ಟುತ್ತದೆ. ಸಾಲಿನಲ್ಲಿ ಬರಿದಾಗಿ ಉಳಿದ ಜಾಗದ ನಷ್ಟವನ್ನು ಪಕ್ಕದ ಗಿಡ ಪೂರ್ತಿ ತುಂಬಿಕೊಡಲಾರದು. ಹೀಗಾಗಿ ಸಾಲಿನಿಂದ ಸಾಲಿಗೆ 30 ಸೆಂ.ಮೀ., ಗಿಡದಿಂದ ಗಿಡಕ್ಕೆ 10 ಸೆಂ.ಮೀ. ಅಂತರ ಹಿಡಿಯುತ್ತೇನೆ. ಈ ಲೆಕ್ಕದಲ್ಲಿ ಎಕರೆಗೆ ಸುಮಾರು 1.33 ಲಕ್ಷ ಗಿಡ ಬೇಕು. ನೂರು ಕಾಳು 33 ಗ್ರಾಂ ತೂಗಿದರೆ 44 ಕೆಜಿ ಕಾಳು. ಮೊಳಕೆ ನೂರಕ್ಕೆ 85 ಇದ್ದರೆ 52 ಕೆಜಿ. ದಪ್ಪ ಕಾಳಿನ ತಳಿಗೆ ಇನ್ನೂ ಹೆಚ್ಚು. ಬೀಜದ ಬೆಲೆಗೆ ಹೆದರಿ ಇಲ್ಲಿ ಕೈ ಬಿಗಿಹಿಡಿದರೆ ಮುಂದೆ ಯಾವ ಗೊಬ್ಬರದಿಂದಲೂ ಅದನ್ನು ಸರಿಪಡಿಸಲಾಗದು.

ಮೊಳಕೆ ನೋಡಲು ನೂರು ಕಾಳನ್ನು ಒದ್ದೆ ಗೋಣಿಯಲ್ಲಿ ಸುತ್ತಿಟ್ಟರೆ ಸಾಕು. ಬೀಜದ ಕಾಯಿಯನ್ನು ಬಿತ್ತನೆ ಹತ್ತಿರ ಬಂದಾಗ ಮನೆಯವರೆಲ್ಲ ಕೂತು ಕೈಯಲ್ಲೇ ಸುಲಿಯುತ್ತೇವೆ. ಯಂತ್ರಕ್ಕೆ ಕೊಟ್ಟರೆ ಕಾಳಿನ ಕೆಂಪು ಸಿಪ್ಪೆ ಹರಿಯುತ್ತದೆ, ಹರಿದ ಕಾಳು ಮಣ್ಣಿನಲ್ಲಿ ಬೇಗ ಕೊಳೆಯುತ್ತದೆ. ಬುಡಕೊಳೆ ಬಾರದಂತೆ ಕೆಜಿಗೆ 4 ಗ್ರಾಂ ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರದ ಪುಡಿ ಹಚ್ಚಿ ನೆರಳಲ್ಲಿ ಆರಿಸುತ್ತೇನೆ.

ಬಿತ್ತುವ ಕೂರಿಗೆ ಕಟ್ಟುವ ಮುನ್ನ ಅದರ ತಾಳುಗಳ (ಸಾಲು ಸೀಳುವ ಹಲ್ಲುಗಳ) ನಡುವಿನ ಅಂತರವನ್ನು ಅಳೆದೇ ನೋಡಬೇಕು. ಕಾಳು 5 ಸೆಂ.ಮೀ. ಆಳದ ಹಸಿ ಮಣ್ಣಿಗೆ ಬಿದ್ದರೆ ಒಳ್ಳೆಯದು. ಆದರೆ ಸಾಲಿನೊಳಗಿನ ಅಂತರ ಕೂರಿಗೆಯ ಬಟ್ಟಲಿಗೆ ಕಾಳು ಬಿಡುವವರ ಕೈಯಲ್ಲಿದೆ. ನಮ್ಮೂರಿನಲ್ಲಿ ಆ ಕೆಲಸ ಮಾಡುವ ಹೆಣ್ಣುಮಕ್ಕಳ ಕೈಹದ ಯಾವ ಯಂತ್ರಕ್ಕೂ ಕಡಿಮೆಯಲ್ಲ. ಅವರನ್ನು ಅವಸರಪಡಿಸಬಾರದು.

ಎರಡು ವಾರದ ಬೆಳೆಯಲ್ಲಿ ಒಂದು ಮೀಟರ್ ಉದ್ದದ ಕೋಲನ್ನು ಅಲ್ಲಲ್ಲಿ ಸಾಲಿನ ಪಕ್ಕ ಇಟ್ಟು ಗಿಡ ಎಣಿಸುತ್ತೇನೆ. ಹತ್ತರ ಆಸುಪಾಸಿನಲ್ಲಿದ್ದರೆ ನೆಮ್ಮದಿ. ಹುಸಿಹೋದ ಕಡೆ ಕಾಳು ಊರುವುದಿದ್ದರೆ ಸಸಿ ಮೂಡಿದ ಕೂಡಲೇ ಊರಬೇಕು, ತಡವಾದರೆ ಕೊಯ್ಲಿಗೆ ಅದರ ಕಾಯಿ ಬಲಿತಿರುವುದಿಲ್ಲ. ಗಿಡ ಒತ್ತಾಗಿರುವುದರಿಂದ ಇನ್ನೊಂದು ಉಪಕಾರವೂ ಇದೆ: ಥ್ರಿಪ್ಸ್ ನುಸಿಯಿಂದ ಹರಡುವ ಕುಡಿ ಸಾಯುವ ರೋಗ ತೆಳುವಾದ ಹೊಲದಲ್ಲೇ ಹೆಚ್ಚು.

ಹೂವು ಬಿಟ್ಟು ಊಡು (ಹೂವಿನಿಂದ ಮಣ್ಣಿಗಿಳಿದು ತುದಿಯಲ್ಲಿ ಕಾಯಿ ಕಟ್ಟುವ ಎಳೆ) ಇಳಿಯುವ ಹೊತ್ತಿಗೆ, ಅಂದರೆ 35ರಿಂದ 40 ದಿನದೊಳಗೆ, ಎಕರೆಗೆ 200 ಕೆಜಿ ಜಿಪ್ಸಂ ಅನ್ನು ಗಿಡದ ಬುಡಕ್ಕೆ ಹಾಕಿ ಸಾಲುಗಳ ನಡುವೆ ಕೊನೆಯ ಎಡೆಕುಂಟೆ ಹೊಡೆಯುತ್ತೇನೆ. ಜಿಪ್ಸಂನಲ್ಲಿರುವ, ಕಾಯಿಗೆ ಬೇಕಾದ ಸುಣ್ಣದಂಶವನ್ನು ಕಾಯಿಯೇ ಸುತ್ತಲಿನ ಮಣ್ಣಿನಿಂದ ಹೀರಿಕೊಳ್ಳುತ್ತದೆ. ಅದು ಸಿಗದಿದ್ದರೆ ಕಾಯಿ ಜೊಳ್ಳು. ಊಡು ಮಣ್ಣಿಗಿಳಿದ ಮೇಲೆ ಕುಂಟೆ ಹೊಲಕ್ಕೆ ಬರಬಾರದು. ಕಳೆ ಕಂಡರೆ ಕೈಯಿಂದಲೇ ಕೀಳಬೇಕು.